ಮನೆ ಬದಲಿಸುವ ಮುನ್ನ ಬೀಗದ ಕೈ ನೋಡಿಕೊಳ್ಳಿ

ಶನಿವಾರ ರಾತ್ರಿ ಹನ್ನೊಂದೂವರೆ. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡಿ ಒಂದು ಕಡೆ ಗಕ್ಕನೆ ನಿಂತವು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದರ ಹಿಂದೊಂದು ಅದೇ ಎಚ್ಚರಿಕೆ: ಕಾದೆ, ಡಿಸ್ಕ್ ಬರಲಿಲ್ಲ. ಕಾದೆ, ಡಿಸ್ಕ್ ಬರಲಿಲ್ಲ. ಕೊನೆಗೆ ಯಂತ್ರ ಕೈಚೆಲ್ಲಿ ನನ್ನನ್ನು ಡ್ರಾಕಟ್‌ನ ತುರ್ತು ಶೆಲ್ಲಿಗೆ ತಂದು ಬಿಟ್ಟಿತು. ಅಲ್ಲೊಂದು ಕರ್ಸರ್ ಮಿಣಮಿಣ ಅಂತಿದೆ, ನಾನು ಪಿಳಿಪಿಳಿ ಅಂತಿದ್ದೇನೆ.

ಇದು 2023ರ ಮಾತು. ನಮ್ಮೂರ ಕಡೆಯ ಒಂದು ಸಣ್ಣ ಪತ್ತಿನ ಸಹಕಾರ ಸಂಘ. ಅವರ ಲೆಕ್ಕಪತ್ರವೆಲ್ಲ ಒಂದೇ ಹಳೆಯ ಸರ್ವರ್ ಮೇಲೆ ನಡೆಯುತ್ತಿತ್ತು. ಅದರ ಎರಡು ಡಿಸ್ಕುಗಳಲ್ಲಿ ಒಂದು ಆಗಲೇ ಸತ್ತಿತ್ತು, ಇನ್ನೊಂದು ಗೊರಗೊರ ಅನ್ನುತ್ತಿತ್ತು. ಹೊಸ ಯಂತ್ರ ತಂದು, ಅದರ ಮೇಲೆ ಕೆವಿಎಂ ಹೈಪರ್‌ವೈಸರ್ ಹಾಕಿ, ಹಳೆಯ ಸರ್ವರನ್ನು ಇದ್ದ ಹಾಗೇ ವರ್ಚುವಲ್ ಮಷೀನ್ ಮಾಡಿ ಕೂರಿಸುವುದು ಅಂತ ತೀರ್ಮಾನವಾಯಿತು. ಊರಿನವನು ಅನ್ನುವ ಸಲಿಗೆಯಿಂದ ಕೆಲಸ ನನ್ನ ತಲೆಗೆ ಬಂತು. ಆರು ಗಂಟೆ ಕೂತು ಡಿಸ್ಕನ್ನು ಒಂದು ಬಿಟ್ಟೂ ಬಿಡದೆ ನಕಲು ಮಾಡಿದೆ. ಹಳೆಯದನ್ನು ಆರಿಸಿದೆ. ಹೊಸದನ್ನು ಹೊತ್ತಿಸಿದೆ. ಆಮೇಲೆ ಆದದ್ದೇ ಮೇಲೆ ಹೇಳಿದ್ದು.

ಒಂಬತ್ತು ಗಂಟೆಯಿಂದ ಸಂಘದ ಕಾರ್ಯದರ್ಶಿಗಳು ಮೂರು ಸಲ ಫೋನ್ ಮಾಡಿದ್ದರು. "ಸಾರ್, ಆಯ್ತಾ? ಸೋಮವಾರ ಬೆಳಿಗ್ಗೆ ಪಿಗ್ಮಿಯವರು ಬರ್ತಾರೆ, ಚಿನ್ನ ಬಿಡಿಸಿಕೊಳ್ಳೋರು ಇಬ್ಬರಿದ್ದಾರೆ, ಒಬ್ಬರ ಮನೇಲಿ ಮದುವೆ." ಆಗ್ತಾ ಇದೆ ಸಾರ್ ಅಂದಿದ್ದೆ. ಆಗ್ತಾ ಇರಲಿಲ್ಲ :(

ಆ ರಾತ್ರಿ ನಾನು ಕಲಿತದ್ದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ, ಆಮೇಲೆ ವಾದ ಮಾಡೋಣ: ಯಾವ ಆಪರೇಟಿಂಗ್ ಸಿಸ್ಟಮ್ಮೇ ಆಗಲಿ, ಅದು ಇಂದು ಇರುವ ಯಂತ್ರದ ಡ್ರೈವರನ್ನಷ್ಟೇ ಅಲ್ಲ, ನಾಳೆ ಹೋಗಬಹುದಾದ ಹೈಪರ್‌ವೈಸರುಗಳ ಡ್ರೈವರುಗಳನ್ನೂ ಇಂದೇ ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಅದನ್ನು ಇಡುವುದು ಅದನ್ನು ನೋಡಿಕೊಳ್ಳುವವನ ಕೆಲಸ. ಯಂತ್ರ ಇನ್ನೂ ಆರೋಗ್ಯವಾಗಿ ಎದ್ದು ಕೂರುತ್ತಿರುವಾಗಲೇ ಮಾಡಬೇಕಾದ ಕೆಲಸ.

*

ಮೊದಲು ಆದದ್ದೇನು ಅಂತ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಈ ಭಾಗ ಹಾರಿಸಿಕೊಂಡು ಹೋಗಬಹುದು.

ಕಂಪ್ಯೂಟರ್ ಏಳುವಾಗ ಬೂಟ್‌ಲೋಡರ್ ಎರಡು ಫೈಲುಗಳನ್ನು ಮೆಮೊರಿಗೆ ಹಾಕುತ್ತದೆ. ಒಂದು ಕರ್ನೆಲ್. ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಸಣ್ಣ ಗಂಟು. ಬೂಟ್‌ಲೋಡರಿಗೆ ಡಿಸ್ಕ್ ಓದಲು ಬಯಾಸ್ ಅಥವಾ ಯುಇಎಫ್ಐ ಸಹಾಯ ಮಾಡುತ್ತದೆ, ಹಾಗಾಗಿ ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಕರ್ನೆಲ್ ಎದ್ದ ಮೇಲೆ ಆ ಸಹಾಯ ಬಿಟ್ಟು ತನ್ನದೇ ಡ್ರೈವರಿನಿಂದ ಡಿಸ್ಕನ್ನು ಮಾತಾಡಿಸಬೇಕು. ಆ ಡ್ರೈವರ್ ಎಲ್ಲಿದೆ? ಡಿಸ್ಕಿನಲ್ಲಿದೆ. ಡಿಸ್ಕ್ ಓದಲು ಏನು ಬೇಕು? ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ಈ ಗಂಟು ಬಿಡಿಸುವುದಕ್ಕೇ ಇನಿಟ್‌ರಾಮ್‌ಎಫ್‌ಎಸ್ ಇರುವುದು. ರೂಟ್ ಡಿಸ್ಕಿಗೆ ಬೇಕಾದ ಡ್ರೈವರುಗಳನ್ನು ಮೊದಲೇ ಅದರಲ್ಲಿ ಕಟ್ಟಿಟ್ಟಿರುತ್ತಾರೆ.

ಎಷ್ಟು ಡ್ರೈವರ್ ಕಟ್ಟಿಡಬೇಕು ಅನ್ನುವುದರಲ್ಲಿ ಎರಡು ಮತಗಳಿವೆ. ಡೆಬಿಯನ್, ಉಬುಂಟು ಬಳಸುತ್ತ ಬಂದಿರುವ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ನ ಮೂಲ ಹೊಂದಿಕೆ 'ಮೋಸ್ಟ್', ಅಂದರೆ ಬೂಟಿಗೆ ಬೇಕಾಗಬಹುದಾದ್ದನ್ನೆಲ್ಲ ತುಂಬು. ರೆಡ್‌ಹ್ಯಾಟ್ ಬಳಗದ ಡ್ರಾಕಟ್, ಸೆಂಟ್‌ಓಎಸ್ 7ರ ಕಾಲದಿಂದ, 'ಹೋಸ್ಟ್‌ಓನ್ಲಿ' ಅನ್ನುತ್ತದೆ, ಅಂದರೆ ಈ ಯಂತ್ರಕ್ಕೆ ಈಗ ಬೇಕಾದ್ದಷ್ಟೇ ಸಾಕು. ಗಂಟು ಚಿಕ್ಕದು, ಬೂಟ್ ಚುರುಕು. ಕೇಳಲು ಚೆನ್ನಾಗಿದೆ ಅಲ್ವಾ?

ನಮ್ಮ ಸಂಘದ ಸರ್ವರ್ ಸೆಂಟ್‌ಓಎಸ್ 7. ಅದರ ಗಂಟಿನೊಳಗೆ ಹಳೆಯ ರೇಡ್ ಕಾರ್ಡಿನ ಡ್ರೈವರ್ ಇತ್ತು, 'ಮೆಗಾರೇಡ್ ಎಸ್‌ಎಎಸ್' ಅಂತ. ಹೊಸ ಜಾಗದಲ್ಲಿ ಆ ಕಾರ್ಡೇ ಇಲ್ಲ. ಕೆವಿಎಂ ಕೊಟ್ಟಿದ್ದು ವರ್ಟಿಯೋ ಡಿಸ್ಕ್. ವರ್ಟಿಯೋ ಡ್ರೈವರ್ ಇರಲಿಲ್ಲವೇ? ಇತ್ತು ಸ್ವಾಮಿ, ಡಿಸ್ಕಿನ ಒಳಗೆ, ಮಾಡ್ಯೂಲುಗಳ ಕಡತಕೋಶದಲ್ಲಿ ಭದ್ರವಾಗಿ ಕೂತಿತ್ತು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡು ಬಂದ ಹಾಗೆ.

*

"ಅಲ್ಲ ಮಾರಾಯ, ಹೈಪರ್‌ವೈಸರ್ ಅಂದರೆ ಸುಳ್ಳು ಯಂತ್ರ ತಾನೇ? ಹಳೆಯ ಕಾರ್ಡಿನ ಹಾಗೇ ನಟನೆ ಮಾಡಲಿ, ಹೊಸ ಡ್ರೈವರ್ ಯಾಕೆ?" ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಚರಿತ್ರೆ ಬೇಕು.

ಮೊದಲಿಗೆ ಎಲ್ಲರೂ ಮಾಡಿದ್ದು ನಟನೆಯೇ. ಅತಿಥಿ ಆಪರೇಟಿಂಗ್ ಸಿಸ್ಟಮ್ಮಿಗೆ ತಾನು ಅತಿಥಿ ಅಂತಲೇ ಗೊತ್ತಿರಬಾರದು ಅನ್ನುವ ಧೋರಣೆ. ಹೈಪರ್‌ವೈಸರ್ ಇಂಟೆಲ್ಲಿನ ಹಳೆಯ ಇ1000 ನೆಟ್‌ವರ್ಕ್ ಕಾರ್ಡಿನ ವೇಷ ಹಾಕುತ್ತದೆ, ಇಲ್ಲವೇ ರಿಯಲ್‌ಟೆಕ್ 8139ರ ವೇಷ, ಡಿಸ್ಕಿಗೆ ತೊಂಬತ್ತರ ದಶಕದ ಐಡಿಇ ಕಂಟ್ರೋಲರಿನ ವೇಷ. ಯಾವ ಆಪರೇಟಿಂಗ್ ಸಿಸ್ಟಂ ಆದರೂ ಅವನ್ನು ಗುರುತಿಸುತ್ತದೆ. ಆದರೆ ಇದಕ್ಕೆ ಬೆಲೆ ಇದೆ. ನಿಜವಾದ ಕಾರ್ಡಿನ ರಿಜಿಸ್ಟರಿಗೆ ಬರೆಯುವುದು ಸಲೀಸು. ವೇಷದ ಕಾರ್ಡಿನ ರಿಜಿಸ್ಟರಿಗೆ ಬರೆದಾಗಲೆಲ್ಲ ಸಿಪಿಯು ಅತಿಥಿಯನ್ನು ನಿಲ್ಲಿಸಿ, ಹೈಪರ್‌ವೈಸರಿಗೆ ಹೋಗಿ, ಅದು ನಟನೆ ಮುಗಿಸಿದ ಮೇಲೆ ವಾಪಸು ಬರಬೇಕು. ಕಚೇರಿಯಲ್ಲಿ ಒಂದೊಂದು ಕಾಗದಕ್ಕೂ ಎದ್ದುಹೋಗಿ ಸಾಹೇಬರ ಸಹಿ ಹಾಕಿಸಿಕೊಂಡು ಬಂದ ಹಾಗೆ. ಕೆಲಸ ಆಗುತ್ತದೆ, ಸಂಜೆಯೂ ಆಗುತ್ತದೆ.

ಇದಕ್ಕೆ ಬೇರೆ ದಾರಿ ತೋರಿಸಿದವರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಝೆನ್ ತಂಡದವರು ಮುಖ್ಯರು. 2003ರಲ್ಲಿ ಅವರು ಹೇಳಿದ್ದು ಇಷ್ಟು: ನಟನೆ ಬೇಡ, ಅತಿಥಿಗೆ ನಿಜ ಹೇಳಿಬಿಡೋಣ. "ನೀನು ಅತಿಥಿ, ಇದು ನಿಜವಾದ ಕಾರ್ಡ್ ಅಲ್ಲ, ಇಬ್ಬರಿಗೂ ಕಾಣುವ ಮೆಮೊರಿಯಲ್ಲಿ ಕಡತಗಳನ್ನೆಲ್ಲ ಒಟ್ಟಿಗೆ ಜೋಡಿಸಿಡು, ಒಂದು ಸಲ ಗಂಟೆ ಒತ್ತು, ನಾನು ಎತ್ತಿಕೊಳ್ಳುತ್ತೇನೆ." ಇದಕ್ಕೆ ಪ್ಯಾರಾವರ್ಚುವಲೈಸೇಶನ್ ಅನ್ನುವ ದೊಡ್ಡ ಹೆಸರು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಸಿಪಿಯುವಿನೊಳಗೇ ವರ್ಚುವಲೈಸೇಶನ್ ಸೌಲಭ್ಯ ಕೊಟ್ಟ ಮೇಲೆ ಸಿಪಿಯುವಿನ ಮಟ್ಟದಲ್ಲಿ ಈ ಒಪ್ಪಂದ ಅಷ್ಟು ಅನಿವಾರ್ಯವಾಗಿ ಉಳಿಯಲಿಲ್ಲ. ಆದರೆ ಡಿಸ್ಕು, ನೆಟ್‌ವರ್ಕುಗಳ ಮಟ್ಟದಲ್ಲಿ ಇವತ್ತಿಗೂ ಅದೇ ದಾರಿ.

ಮುಂದಿನದು ತಮಾಷೆ. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆ ಕಟ್ಟಿಕೊಂಡರು. ಝೆನ್‌ಗೆ ಒಂದು, ವಿಎಂವೇರ್‌ಗೆ ಇನ್ನೊಂದು, ಮೈಕ್ರೋಸಾಫ್ಟಿನ ಹೈಪರ್-ವಿಗೆ ಮತ್ತೊಂದು. 2007ರ ಫೆಬ್ರವರಿಯಲ್ಲಿ ಲಿನಕ್ಸ್ 2.6.20ರ ಜೊತೆ ಕೆವಿಎಂ ಬಂತು. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಅವರು 2008ರ ತಮ್ಮ ಲೇಖನದಲ್ಲಿ ಲಿನಕ್ಸ್ ಕರ್ನೆಲ್ ಕನಿಷ್ಠ ಎಂಟು ಬಗೆಯ ವರ್ಚುವಲೈಸೇಶನ್ ವ್ಯವಸ್ಥೆಗಳಿಗೆ ಹೊಂದಿಕೊಳ್ಳಬೇಕಾಗಿದೆ ಅಂತ ಪಟ್ಟಿ ಕೊಟ್ಟು, ಎಲ್ಲರಿಗೂ ಒಂದೇ ಡ್ರೈವರ್ ಸಾಲದೇ ಅಂತ ಕೇಳಿದರು. ಅವರ ಉತ್ತರವೇ ವರ್ಟಿಯೋ. 2008ರ ಜನವರಿಯ ಲಿನಕ್ಸ್ 2.6.24ರಲ್ಲಿ ಅದು ಸೇರಿತು. ಇವತ್ತು ಕೆವಿಎಂ ಇರುವಲ್ಲೆಲ್ಲ ಹೆಚ್ಚುಕಡಿಮೆ ವರ್ಟಿಯೋ ಇದೆ. ಆದರೆ ಎಲ್ಲರೂ ಒಂದೇ ಭಾಷೆಗೆ ಬರಲಿಲ್ಲ. ಹೈಪರ್-ವಿಯ ಡ್ರೈವರುಗಳನ್ನು ಮೈಕ್ರೋಸಾಫ್ಟ್ 2009ರ ಜುಲೈಯಲ್ಲಿ, ಸುಮಾರು 20,000 ಸಾಲುಗಳ ಕೋಡ್, ಜಿಪಿಎಲ್ ಪರವಾನಗಿಯಡಿ ಲಿನಕ್ಸಿಗೆ ಕೊಟ್ಟಿತು. ಲಿನಕ್ಸನ್ನು ಕಂಡರೆ ಉರಿದುಬೀಳುತ್ತಿದ್ದ ಕಂಪನಿ ಅದು. ಆ ಸುದ್ದಿ ಓದಿದ ದಿನ ಏಪ್ರಿಲ್ ಒಂದಲ್ಲ ತಾನೇ ಅಂತ ಕ್ಯಾಲೆಂಡರ್ ನೋಡಿದವರಲ್ಲಿ ನಾನೂ ಒಬ್ಬ :) ಅದರ ಆಸುಪಾಸಿನಲ್ಲೇ ವಿಎಂವೇರಿನ ವಿಎಂಎಕ್ಸ್‌ನೆಟ್3 ಮತ್ತು ಪಿವಿಸ್ಕಸಿ ಡ್ರೈವರುಗಳೂ ಕರ್ನೆಲ್ಲಿನೊಳಗೆ ಬಂದವು.

ಇದರ ಮಹತ್ವ ತಿಳಿಯಬೇಕಾದರೆ ಅದಕ್ಕೂ ಮೊದಲಿನ ಪಾಡು ನೆನಪಿಸಿಕೊಳ್ಳಬೇಕು. ಡ್ರೈವರ್ ಕರ್ನೆಲ್ಲಿನ ಹೊರಗಿದ್ದಾಗ, ಕರ್ನೆಲ್ ಅಪ್‌ಡೇಟ್ ಆದಾಗಲೆಲ್ಲ ಆ ಡ್ರೈವರನ್ನು ಮತ್ತೆ ಕಂಪೈಲ್ ಮಾಡಬೇಕು. ಮರೆತರೆ ಮುಂದಿನ ರೀಬೂಟಿನಲ್ಲಿ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಇಲ್ಲದ ದೂರದ ಸರ್ವರನ್ನು ಸರಿಮಾಡುವುದು ಹೇಗೆ? ಬಸ್ ಹತ್ತಬೇಕು. ಈಗ ನಾಲ್ಕೂ ಬಳಗದ ಡ್ರೈವರುಗಳು ಕರ್ನೆಲ್ಲಿನ ಮೂಲದಲ್ಲೇ ಇವೆ, ಪುಕ್ಕಟೆ. ಅಡಿಗೆ ಬಡಿಸಿಟ್ಟಿದೆ. ಎಲೆ ಹಾಕಿಕೊಂಡು ಕೂರದಿದ್ದರೆ ತಪ್ಪು ಯಾರದು?

*

ಇನ್ನು ನನ್ನ ವಾದಕ್ಕೆ ಬರುವ ಆಕ್ಷೇಪಗಳು. ಮೂರು ಕೇಳಿದ್ದೇನೆ.

ಮೊದಲನೆಯದು, "ಬೇಡದ ಡ್ರೈವರ್ ತುಂಬಿದರೆ ಗಂಟು ದೊಡ್ಡದಾಗುತ್ತದೆ, ಬೂಟ್ ತಡವಾಗುತ್ತದೆ." ಒಪ್ಪಿದೆ, ಆದರೆ ಎಷ್ಟು? ಎಲ್ಲವನ್ನೂ ತುಂಬಿದ ಗಂಟೂ ಕೆಲವು ಹತ್ತು ಎಂಬಿಗಳ ಮಾತು. ನಾಲ್ಕು ಹೈಪರ್‌ವೈಸರುಗಳ ಡಿಸ್ಕ್ ಡ್ರೈವರುಗಳನ್ನಷ್ಟೇ ಸೇರಿಸಿದರೆ ಅಷ್ಟೂ ಇಲ್ಲ. ಬೂಟಿನಲ್ಲಿ ಉಳಿಯುವುದು ಹೆಚ್ಚೆಂದರೆ ಕೆಲವು ಸೆಕೆಂಡು. ನಮ್ಮ ಸಂಘದ ಸರ್ವರ್ ವರ್ಷಕ್ಕೆ ನಾಲ್ಕು ಸಲ ರೀಬೂಟ್ ಆಗುತ್ತಿತ್ತು. ಹತ್ತು ವರ್ಷದಲ್ಲಿ ಹೋಸ್ಟ್‌ಓನ್ಲಿ ಉಳಿಸಿದ ಸೆಕೆಂಡುಗಳನ್ನೆಲ್ಲ ಕೂಡಿಸಿದರೂ ಆ ಒಂದು ರಾತ್ರಿಯಲ್ಲಿ ನಾನು ಕುಡಿದ ಚಹಾದ ಹೊತ್ತಿಗೂ ಸಮನಾಗುವುದಿಲ್ಲ.

ಎರಡನೆಯದು, "ಕೋಡ್ ಕಡಿಮೆ ಇದ್ದಷ್ಟೂ ಸುರಕ್ಷಿತ." ಇದು ತೂಕದ ಮಾತು, ತಳ್ಳಿಹಾಕುವುದಿಲ್ಲ. ಆದರೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಮಾಡ್ಯೂಲ್ ಇರುವುದು ಬೇರೆ, ಕರ್ನೆಲ್ಲಿಗೆ ಲೋಡ್ ಆಗುವುದು ಬೇರೆ. ಹೈಪರ್-ವಿಯ ಡ್ರೈವರ್ ಕೆವಿಎಂ ಮೇಲೆ ತಾನಾಗಿ ಲೋಡ್ ಆಗುವುದಿಲ್ಲ, ಎದುರಿಗೆ ಆ ಸಾಧನವೇ ಇಲ್ಲವಲ್ಲ. ಅತಿಥಿ ಕರ್ನೆಲ್ ಸಿಪಿಯುವನ್ನು "ನಾನು ಯಾರ ಮನೆಯಲ್ಲಿದ್ದೇನೆ?" ಅಂತ ಕೇಳಲು ಒಂದು ಕ್ರಮವೂ ಇದೆ. ಸಿಪಿಯುಐಡಿ ಅನ್ನುವ ಆದೇಶಕ್ಕೆ ಹೈಪರ್‌ವೈಸರ್ ಹನ್ನೆರಡು ಅಕ್ಷರಗಳ ಗುರುತು ಹೇಳುತ್ತದೆ. ಕೆವಿಎಂ ತನ್ನ ಹೆಸರನ್ನೇ ಮೂರು ಸಲ ಕೂಗುತ್ತದೆ, ವಿಎಂವೇರ್ ಎರಡು ಸಲ :) ಹೀಗೆ ಕೇಳಿ ತಿಳಿದುಕೊಳ್ಳುವ ವ್ಯವಸ್ಥೆ ಇರುವಾಗ, ನಾಲ್ಕು ಬೀಗದ ಕೈ ಗೊಂಚಲಿನಲ್ಲಿದ್ದರೆ ಗೊಂದಲವಾಗುವುದಿಲ್ಲ.

ಮೂರನೆಯದು ಆ ಗೆಳೆಯನದೇ. "ಹೇಗೂ ಎಮ್ಯುಲೇಶನ್ ಇದೆಯಲ್ಲ, ಐಡಿಇ ಮಾಡಿ ಇಟ್ಟುಬಿಡು, ಸ್ವಲ್ಪ ನಿಧಾನವಾದರೆ ಆಗಲಿ." ತಾತ್ಕಾಲಿಕಕ್ಕೆ ಸರಿ. ಆದರೆ ತಾತ್ಕಾಲಿಕ ಅನ್ನುವುದು ನಮ್ಮಲ್ಲಿ ಎಷ್ಟು ವರ್ಷ ನಡೆಯುತ್ತದೆ ಅಂತ ನಿಮಗೂ ಗೊತ್ತು. ನಿಧಾನದ ಮಾತು ಬಿಡಿ, ವೇಷಗಳಿಗೂ ತೂತುಗಳಿರುತ್ತವೆ. 2015ರ ಮೇ ತಿಂಗಳಲ್ಲಿ ಹೊರಬಿದ್ದ 'ವೆನಮ್' ದೋಷ ನೆನಪಿದೆಯೇ? ಕ್ಯುಇಎಂಯುವಿನ ಫ್ಲಾಪಿ ಕಂಟ್ರೋಲರಿನ ಎಮ್ಯುಲೇಶನ್ ಕೋಡಿನಲ್ಲಿ ಒಂದು ತಪ್ಪಿತ್ತು, 2004ರಿಂದಲೂ. ಅದರ ಮೂಲಕ ಅತಿಥಿಯೊಳಗಿನ ದುಷ್ಟ ಪ್ರೋಗ್ರಾಮೊಂದು ಆತಿಥೇಯ ಯಂತ್ರಕ್ಕೇ ನುಗ್ಗಬಹುದಿತ್ತು. ಹನ್ನೊಂದು ವರ್ಷ! ಫ್ಲಾಪಿ ಯಾರೂ ಬಳಸದ ಕಾಲದಲ್ಲಿ! ಹಳೆಯ ಯಂತ್ರಗಳ ವೇಷವನ್ನು ಸುಮ್ಮನೆ ಹೊತ್ತು ತಿರುಗುವುದರ ಅಪಾಯ ಇದು. ವರ್ಟಿಯೋ ಡ್ರೈವರುಗಳು ತಪ್ಪೇ ಇಲ್ಲದವು ಅಂತ ನಾನು ಹೇಳುತ್ತಿಲ್ಲ. ಆದರೆ ಅವು ಈ ಕೆಲಸಕ್ಕೆಂದೇ ಬರೆದವು, ನೂರಾರು ಜನರ ಕಣ್ಣಿನ ಮುಂದೆ ಇರುವಂಥವು.

*

ಇಷ್ಟಕ್ಕೂ ಇದು ಬರೀ ಒಂದು ಸಹಕಾರ ಸಂಘದ ಕಥೆಯಲ್ಲ. ದೊಡ್ಡವರ ಮನೆಯಲ್ಲೂ ಇದೇ ಆಗುತ್ತದೆ.

ಅಮೆಜಾನ್ ಕ್ಲೌಡ್ ಬಹಳ ಕಾಲ ಝೆನ್ ಮೇಲೆ ನಡೆಯಿತು. 2017ರ ನವೆಂಬರಿನಲ್ಲಿ ಸಿ5 ಅನ್ನುವ ಯಂತ್ರಗಳ ಜೊತೆ ಕೆವಿಎಂ ಆಧಾರಿತ ನೈಟ್ರೋ ಹೈಪರ್‌ವೈಸರ್ ಬಂತು. ಡಿಸ್ಕುಗಳು ಇನ್ನು ಮುಂದೆ ಎನ್‌ವಿಎಂಇ ರೂಪದಲ್ಲಿ, ನೆಟ್‌ವರ್ಕ್ ಇಎನ್‌ಎ ಅನ್ನುವ ಅವರದೇ ಕಾರ್ಡಿನ ರೂಪದಲ್ಲಿ. ಹಳೆಯ ಇಮೇಜಿನಲ್ಲಿ ಈ ಎರಡು ಡ್ರೈವರ್ ಇದ್ದವರು ಯಂತ್ರದ ನಮೂನೆ ಬದಲಿಸಿ ಮುಂದೆ ಹೋದರು. ಇಲ್ಲದವರ ಯಂತ್ರ ಹೊಸ ನಮೂನೆಯಲ್ಲಿ ಏಳುವುದೇ ಇಲ್ಲ. ಡ್ರೈವರ್ ಇದ್ದೂ ಹಳೆಯ ಡಿಸ್ಕಿನ ಹೆಸರನ್ನೇ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದಿಟ್ಟಿದ್ದವರು ಇನ್ನೊಂದು ಕಲ್ಲಿಗೆ ಎಡವುತ್ತಾರೆ, ಎಕ್ಸ್‌ವಿಡಿಎ ಇದ್ದದ್ದು ಎನ್‌ವಿಎಂಇ0ಎನ್1 ಆಗಿರುತ್ತದೆ.

2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡುಕೊಂಡಿತು. ಒಮ್ಮೆ ಕೊಂಡರೆ ಶಾಶ್ವತ ಅನ್ನುವ ಪರವಾನಗಿಗಳ ಮಾರಾಟ ನಿಂತು ಚಂದಾ ಪದ್ಧತಿ ಬಂತು. ಕೊಂಡವರ ವ್ಯಾಪಾರ, ಅವರ ಇಷ್ಟ. ಅದಾದ ಮೇಲೆ ಸಣ್ಣ ದೊಡ್ಡ ಸಂಸ್ಥೆಗಳೆಲ್ಲ ಬೇರೆ ಮನೆ ಹುಡುಕತೊಡಗಿದವು. ಪ್ರಾಕ್ಸ್‌ಮಾಕ್ಸ್‌ನವರು 2024ರ ಏಪ್ರಿಲಿನ 8.2 ಆವೃತ್ತಿಯಲ್ಲಿ ವಿಎಂವೇರಿನಿಂದ ಯಂತ್ರಗಳನ್ನು ನೇರವಾಗಿ ತಂದುಕೊಳ್ಳುವ ಸೌಲಭ್ಯವನ್ನೇ ಕೊಟ್ಟರು. ಆದರೆ ಸಾಮಾನು ಸಾಗಿಸುವ ಲಾರಿ ಎಷ್ಟೇ ದೊಡ್ಡದಿರಲಿ, ಹೊಸ ಮನೆಯ ಬಾಗಿಲು ತೆಗೆಯುವುದು ಅತಿಥಿಯ ಕರ್ನೆಲ್ಲಿನಲ್ಲಿರುವ ಡ್ರೈವರ್.

ನನಗೆ ಮುಖ್ಯ ಅನ್ನಿಸುವುದು ಇದು. ಬಾಡಿಗೆ ಮನೆಯಲ್ಲಿ ಇರುವವನಿಗೆ ಮಾಲೀಕನ ಜೊತೆ ಧೈರ್ಯವಾಗಿ ಮಾತಾಡಲು ಸಾಧ್ಯವಾಗುವುದು "ಬೇಕಾದರೆ ಬಿಟ್ಟು ಹೋಗುತ್ತೇನೆ" ಅನ್ನುವ ಶಕ್ತಿ ಇದ್ದಾಗ. ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ಮುಕ್ತ ತಂತ್ರಾಂಶ, ಮುಕ್ತ ಮಾನಕ ಅಂತ ಭಾಷಣ ಮಾಡುತ್ತೇವೆ. ನಮ್ಮ ಯಂತ್ರದ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಒಬ್ಬನೇ ಮಾಲೀಕನ ಬೀಗದ ಕೈ ಇದ್ದರೆ, ನಾವು ಬಿಟ್ಟು ಹೋಗಬಲ್ಲೆವು ಅನ್ನುವುದು ಕಾಗದದ ಮೇಲಿನ ಮಾತಷ್ಟೇ. ಸ್ವಾತಂತ್ರ್ಯ ಅನ್ನುವ ದೊಡ್ಡ ಪದ ಇಂಥ ಐದಾರು ಪುಟಾಣಿ ಫೈಲುಗಳ ಮೇಲೆ ನಿಂತಿರುತ್ತದೆ.

*

ಹಾಗಾದರೆ ಏನು ಮಾಡಬೇಕು? ನಾನೀಗ ಮಾಡುತ್ತಿರುವುದನ್ನು ಹೇಳುತ್ತೇನೆ. (ಆದೇಶಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿ, ಆಮೇಲೆ ನನ್ನನ್ನು ಬೈಯಬೇಡಿ!)

1. ರೆಡ್‌ಹ್ಯಾಟ್ ಬಳಗದ ಯಂತ್ರವಾದರೆ 'ಡ್ರಾಕಟ್-ಕಾನ್ಫಿಗ್-ಜೆನೆರಿಕ್' ಅನ್ನುವ ಪ್ಯಾಕೇಜ್ ಹಾಕಿ, ಇಲ್ಲವೇ ಡ್ರಾಕಟ್ ಹೊಂದಿಕೆಯಲ್ಲಿ ಹೋಸ್ಟ್‌ಓನ್ಲಿಯನ್ನು 'ನೋ' ಮಾಡಿ. ಆಮೇಲೆ ಎಲ್ಲ ಕರ್ನೆಲ್ಲುಗಳ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿಸಿ. ಕಟ್ಟಿದ ಮೇಲೆ 'ಎಲ್‌ಎಸ್‌ಇನಿಟ್‌ಆರ್‌ಡಿ' ಆದೇಶದಿಂದ ಗಂಟು ಬಿಚ್ಚಿ ಕಣ್ಣಾರೆ ನೋಡಿ. ಡೆಬಿಯನ್ ಬಳಗದಲ್ಲಿ 'ಮಾಡ್ಯೂಲ್ಸ್' ಅನ್ನುವ ಸಾಲು 'ಮೋಸ್ಟ್' ಅಂತಲೇ ಇದೆಯೇ, ಯಾರಾದರೂ ಬುದ್ಧಿವಂತರು 'ಡೆಪ್' ಅಂತ ಬದಲಿಸಿದ್ದಾರೆಯೇ ನೋಡಿ.

2. ಗಂಟಿನಲ್ಲಿ ಕಾಣಬೇಕಾದವು: ಕೆವಿಎಂಗೆ ವರ್ಟಿಯೋ ಪಿಸಿಐ, ವರ್ಟಿಯೋ ಬ್ಲಾಕ್, ವರ್ಟಿಯೋ ಸ್ಕಸಿ. ಹೈಪರ್-ವಿಗೆ ವಿಎಂಬಸ್ ಮತ್ತು ಸ್ಟೋರ್‌ವಿಎಸ್‌ಸಿ. ವಿಎಂವೇರ್‌ಗೆ ಪಿವಿಸ್ಕಸಿ. ಝೆನ್‌ಗೆ ಬ್ಲಾಕ್‌ಫ್ರಂಟ್. ಇವುಗಳ ಜೊತೆ ಎನ್‌ವಿಎಂಇ, ಎಎಚ್‌ಸಿಐ. ಕೆಲವು ಕರ್ನೆಲ್ಲಿನಲ್ಲೇ ಬೆಸೆದಿರುತ್ತವೆ, ಆಗ ಗಂಟಿನಲ್ಲಿ ಕಾಣುವುದಿಲ್ಲ, ಗಾಬರಿ ಬೇಡ. ಹೈಪರ್-ವಿಯ ಎರಡನೇ ಪೀಳಿಗೆಯ ಯಂತ್ರಗಳಲ್ಲಿ ಐಡಿಇ ವೇಷವೇ ಇಲ್ಲ, ಸ್ಟೋರ್‌ವಿಎಸ್‌ಸಿ ಇಲ್ಲದಿದ್ದರೆ ಅಲ್ಲಿ ಬದಲಿ ದಾರಿಯೂ ಇಲ್ಲ.

3. ಕರ್ನೆಲ್ ತಾವೇ ಕಂಪೈಲ್ ಮಾಡುವ ಹುಚ್ಚಿರುವವರಿಗೆ ಎರಡು ಮಾತು. ವರ್ಟಿಯೋ ಬ್ಲಾಕನ್ನು ಕರ್ನೆಲ್ಲಿಗೆ ಬೆಸೆದು ವರ್ಟಿಯೋ ಪಿಸಿಐ ಅನ್ನು ಮಾಡ್ಯೂಲ್ ಮಾಡಿಟ್ಟರೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲದ ಯಂತ್ರ ಏಳುವುದಿಲ್ಲ. ಮನೆಗೆ ಬಾಗಿಲಿದೆ, ರಸ್ತೆ ಇಲ್ಲ ಅನ್ನುವ ಸ್ಥಿತಿ. ಎರಡನೆಯದು, 'ಲೋಕಲ್‌ಮಾಡ್‌ಕಾನ್ಫಿಗ್' ಬಳಸುವಾಗ ಎಚ್ಚರ. ಅದು ಈ ಕ್ಷಣ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಸವರಿಹಾಕುತ್ತದೆ. ಹೋಸ್ಟ್‌ಓನ್ಲಿಯ ಅಣ್ಣ. ಕೆವಿಎಂ ಅತಿಥಿಗೆ ಬೇಕಾದ್ದನ್ನೆಲ್ಲ ಒಟ್ಟಿಗೆ ಹಾಕಿಕೊಡುವ 'ಕೆವಿಎಂ ಗೆಸ್ಟ್' ಕಾನ್ಫಿಗ್ ಕರ್ನೆಲ್ ಮೂಲದ ಜೊತೆಗೇ ಬರುತ್ತದೆ, ಅದನ್ನು ಮೇಲೆ ಸೇರಿಸಿಕೊಳ್ಳಿ.

4. ವಿಂಡೋಸ್ ಆದರೆ ವರ್ಟಿಯೋ ಡ್ರೈವರ್ ಅದರ ಜೊತೆ ಬರುವುದಿಲ್ಲ. ಸುಮ್ಮನೆ ಡಿಸ್ಕಿನ ಬಗೆ ಬದಲಿಸಿದರೆ ನೀಲಿ ಪರದೆ, 0x7ಬಿ. ಮೊದಲು ಹಳೆಯ ಬಗೆಯ ಡಿಸ್ಕಿನಿಂದಲೇ ಏಳಿಸಿ, ಜೊತೆಗೆ ಒಂದು ಪುಟ್ಟ ಖಾಲಿ ವರ್ಟಿಯೋ ಡಿಸ್ಕ್ ಸಿಕ್ಕಿಸಿ, ವರ್ಟಿಯೋ-ವಿನ್ ಐಎಸ್‌ಓದಿಂದ ಡ್ರೈವರ್ ಹಾಕಿ. ವಿಂಡೋಸ್ ಆ ಪುಟ್ಟ ಡಿಸ್ಕನ್ನು ಗುರುತಿಸಿದ ಮೇಲೆ ಯಂತ್ರ ಆರಿಸಿ, ಮುಖ್ಯ ಡಿಸ್ಕನ್ನೂ ವರ್ಟಿಯೋ ಮಾಡಿ.

5. ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ, ವಿಡಿಎ ಅಂತ ಬರೆಯಬೇಡಿ, ಯುಯುಐಡಿ ಬರೆಯಿರಿ. ನೆಟ್‌ವರ್ಕ್ ಕಾರ್ಡಿನ ಹೆಸರು ಹೊಸ ಮನೆಯಲ್ಲಿ ಬದಲಾಗುತ್ತದೆ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

6. ಎಲ್ಲಕ್ಕಿಂತ ಮುಖ್ಯ, ಒಂದು ನಕಲು ಮಾಡಿ ಬೇರೆ ಹೈಪರ್‌ವೈಸರ್ ಮೇಲೆ ಒಮ್ಮೆ ಏಳಿಸಿ ನೋಡಿ. ಯಾರಿಗೂ ಅವಸರವಿಲ್ಲದ ಒಂದು ಬುಧವಾರ ಮಧ್ಯಾಹ್ನ. ಶನಿವಾರ ರಾತ್ರಿಯಲ್ಲ.

*

ನಮ್ಮ ಸಂಘದ ಕಥೆ ಮುಗಿಸುತ್ತೇನೆ.

ಸೆಂಟ್‌ಓಎಸ್ 7ರ ಬೂಟ್ ಮೆನುವಿನಲ್ಲಿ ಕೊನೆಗೆ 'ರೆಸ್ಕ್ಯೂ' ಅನ್ನುವ ಒಂದು ಸಾಲು ಇರುತ್ತದೆ. ಅದರ ಇನಿಟ್‌ರಾಮ್‌ಎಫ್‌ಎಸ್ ಹೋಸ್ಟ್‌ಓನ್ಲಿ ಅಲ್ಲ, ಎಲ್ಲ ಡ್ರೈವರೂ ಇರುವಂಥದ್ದು. ಅದನ್ನು ಆರಿಸಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಸಾಲು ನಮ್ಮಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಬೂಟ್ ವಿಭಾಗ ತುಂಬಿ ಅಪ್‌ಡೇಟ್ ನಿಂತಾಗ, "ಈ ದೊಡ್ಡ ಫೈಲ್ ಯಾಕೆ ದಂಡಕ್ಕೆ" ಅಂತ ಯಾರೋ ಅಳಿಸಿದ್ದರು. ಯಾರೋ ಅಲ್ಲ, ನಾನೇ.

ಹಳೆಯ ಯಂತ್ರವನ್ನು ಮತ್ತೆ ಹೊತ್ತಿಸಿ ಬೇಕಾದ್ದು ಮಾಡಿಕೊಂಡು ಬರೋಣ ಅಂದರೆ, ಆ ಗೊರಗುಟ್ಟುವ ಡಿಸ್ಕ್ ಇನ್ನೊಂದು ಸಲ ಏಳುತ್ತದೆ ಅನ್ನುವ ಧೈರ್ಯ ನನಗಿರಲಿಲ್ಲ. ಅನುಸ್ಥಾಪನೆಯ ಐಎಸ್‌ಓ ಇಳಿಸಿಕೊಳ್ಳಲು ಕೂತೆ. ಊರಿನ ಇಂಟರ್ನೆಟ್ಟು, ಹಳೆಯ ಕಾಲದ ಟ್ರಂಕ್ ಕಾಲ್ ನೆನಪಾಯಿತು. ಬೆಳಗಿನ ಜಾವ ಮೂರೂವರೆಗೆ ಅದರ ರೆಸ್ಕ್ಯೂ ಮೋಡಿನಲ್ಲಿ ಎದ್ದು, ಡಿಸ್ಕ್ ಕಂಡು, ಸಿಎಚ್‌ರೂಟ್ ಮಾಡಿ, ಡ್ರಾಕಟ್ ಓಡಿಸಿದೆ. ಅದು ತಪ್ಪು ಹೇಳಿತು. ಏನಪ್ಪಾ ಅಂದರೆ, ಕರ್ನೆಲ್ ಆವೃತ್ತಿ ಹೇಳದಿದ್ದರೆ ಡ್ರಾಕಟ್ ಈಗ ಓಡುತ್ತಿರುವ ಕರ್ನೆಲ್ಲಿಗೆ ಗಂಟು ಕಟ್ಟಲು ಹೋಗುತ್ತದೆ. ಓಡುತ್ತಿದ್ದದ್ದು ಐಎಸ್‌ಓದ ಕರ್ನೆಲ್, ಅದರ ಮಾಡ್ಯೂಲುಗಳು ನಮ್ಮ ಡಿಸ್ಕಿನಲ್ಲಿ ಎಲ್ಲಿಂದ ಬರಬೇಕು? ಆವೃತ್ತಿಯನ್ನು ಪೂರ್ತಿಯಾಗಿ ಬರೆದು, ಹೋಸ್ಟ್‌ಓನ್ಲಿ ಬೇಡ ಅಂತ ಹೇಳಿ, ಮತ್ತೆ ಓಡಿಸಿದೆ. ರೀಬೂಟ್. ಬಿಳಿ ಅಕ್ಷರಗಳು ಓಡಿದವು, ಈ ಸಲ ನಿಲ್ಲಲಿಲ್ಲ. ಲಾಗಿನ್ ಅಂತ ಬಂತು. ಅಷ್ಟು ಚಂದದ ಪದ ಇನ್ನೊಂದಿಲ್ಲ ಅನ್ನಿಸಿತು ಆ ಹೊತ್ತಿಗೆ.

ನೆಟ್‌ವರ್ಕ್ ಬರಲಿಲ್ಲ, ಇಎನ್‌ಓ1 ಇದ್ದ ಕಾರ್ಡು ಇಎನ್‌ಎಸ್18 ಆಗಿತ್ತು. ಅದು ಐದು ನಿಮಿಷದ ಕೆಲಸ.

ಸೋಮವಾರ ಒಂಬತ್ತೂವರೆಗೆ ಕೌಂಟರ್ ತೆರೆಯಿತು. ಪಿಗ್ಮಿಯವರು ಬಂದರು. ಮದುವೆ ಮನೆಯವರು ಸಾಲ ತೀರಿಸಿ ಸರ ಬಿಡಿಸಿಕೊಂಡು ಹೋದರು. ಅವರಿಗೆ ಶನಿವಾರ ರಾತ್ರಿಯ ವಿಷಯ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿ, "ಏನ್ ಸಾರ್, ಹೊಸ ಮಷೀನು ಸ್ಪೀಡಾಗಿದೆ!" ಅಂದರು. ವರ್ಟಿಯೋ ಸಾರ್, ಅನ್ನೋಣ ಅನ್ನಿಸಿತು. ಹೌದು ಸಾರ್ ಅಂದು ಸುಮ್ಮನಾದೆ.

ಈಗ ಆ ಯಂತ್ರದ ಬೂಟ್ ವಿಭಾಗದಲ್ಲಿ ರೆಸ್ಕ್ಯೂ ಫೈಲ್ ಮತ್ತೆ ಇದೆ, ಗಂಟಿನಲ್ಲಿ ನಾಲ್ಕೂ ಮನೆಯ ಬೀಗದ ಕೈ ಇವೆ. ಮೂರು ಬಹುಶಃ ಎಂದಿಗೂ ಬಳಕೆಯಾಗುವುದಿಲ್ಲ. ಆಗದಿರಲಿ. ಮನೆಯಲ್ಲಿ ಟಾರ್ಚ್ ಇಟ್ಟುಕೊಳ್ಳುವುದು ದಿನಾ ಕರೆಂಟ್ ಹೋಗಲಿ ಅಂತ ಅಲ್ಲವಲ್ಲ.

ನಿಮ್ಮ ಸರ್ವರಿನ ಗಂಟಿನಲ್ಲಿ ಏನೇನಿದೆ? ಈ ವಾರ ಒಮ್ಮೆ ಬಿಚ್ಚಿ ನೋಡಿ. ಹೋಸ್ಟ್‌ಓನ್ಲಿಯೇ ಸರಿ ಅನ್ನುವವರು ಇದ್ದರೆ ನಿಮ್ಮ ವಾದವನ್ನೂ ಹೇಳಿ, ಕೇಳಲು ಸಿದ್ಧನಿದ್ದೇನೆ. ಆದರೆ ಶನಿವಾರ ರಾತ್ರಿ ಹನ್ನೊಂದೂವರೆಗೆ ಮಾತ್ರ ಬೇಡ :)

ಏನಂತೀರಿ?